ಮನೆಗೊಂದು ಹಾಜರಿ

"ಮಾಲಿಂಗಪ್ಪ ಕರೆಪ್ಪ."

"ಹಾಜರ್ರಿ," ಎಂದು ಎದ್ದು ನಿಂತವಳು ಎರಡು ಜಡೆಯ ಹುಡುಗಿ.

ಶಿದ್ಲಿಂಗಪ್ಪ ಮಾಸ್ತರರು ತಲೆ ಎತ್ತಿದರು. ಈ ಸೀಮೆ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲ ಅದು. ಹುಕ್ಕೇರಿಯಿಂದ ಈ ಊರಿನ ಶಾಲೆಗೆ ಬಂದು ಅವರಿಗೆ ಅಂದು ಎರಡನೇ ದಿನ. ನಿನ್ನೆ ಇದೇ ಹೆಸರಿಗೆ ಒಬ್ಬ ಹುಡುಗ ಎದ್ದು ನಿಂತಿದ್ದ. ಇವತ್ತು ಹುಡುಗಿ! ಮೂರನೇ ಇಯತ್ತೆಯಲ್ಲಿ ಒಬ್ಬರಾದರೂ ನಗಬೇಕಲ್ಲ? ಊಹೂಂ, ಎಲ್ಲರೂ ಪಾಟಿ ಒರೆಸುತ್ತ ಸುಮ್ಮನೆ ಕುಳಿತಿದ್ದರು.

"ನಿನ್ನ ಹೆಸರು ಮಾಲಿಂಗಪ್ಪ ಏನವ್ವಾ?"

"ಅಲ್ರಿ, ನಾ ಹಣಮವ್ವ. ಮಾಲಿಂಗ ನಮ್ಮಣ್ಣರಿ. ಇವತ್ತ ಅಂವ ಮರಿ ಕಾಯಾಕ ಹೋಗ್ಯಾನ್ರಿ. ಸಾಲಿ ಪಾಳಿ ನಂದ ಐತ್ರಿ."

"ಸಾಲಿಗೂ ಪಾಳಿನಾ?"

ಮಾಸ್ತರರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಹಣಮವ್ವನಿಗೆ ಸೋಜಿಗವಾಯಿತು. ಅವರ ಓಣಿಯ ಮೂರು ಮನೆಗಳ ಕುರಿ ಸೇರಿ ಒಂದೇ ಹಿಂಡು. ದಿನಕ್ಕೊಂದು ಮನೆಯ ಪಾಳಿ. ಪಾಳಿ ಬಂದ ಮನೆಯಿಂದ ಅಪ್ಪ ಬಂದನೋ ಕಾಕಾ ಬಂದನೋ ಯಾರೂ ಕೇಳುವುದಿಲ್ಲ, ಒಂದು ಆಳು ಬಂದರೆ ಸಾಕು. ಶಾಲೆಗೂ ಹಾಗೆಯೇ ಎಂದು ಅಪ್ಪ ಹೇಳಿದ್ದ. ಎಳೆಯ ಮರಿಗಳು ಹಿಂಡಿನ ಜೊತೆ ಅಷ್ಟು ದೂರ ಹೋಗಲಾರವು. ಅವನ್ನು ಊರ ಹತ್ತಿರವೇ ಕಾಯಲು ಒಬ್ಬರು ಬೇಕೇ ಬೇಕು. ಹಾಗಾಗಿ ಒಂದು ದಿನ ಅಣ್ಣ ಶಾಲೆಗೆ, ಒಂದು ದಿನ ತಂಗಿ. ಹಿಂದಿನ ಮಾಸ್ತರರಿಗೆ ಕಣ್ಣು ಮಂಜು. 'ಹಾಜರ್' ಎಂದು ಕಿವಿಗೆ ಬಿದ್ದರೆ ಅವರಿಗೆ ಮುಗಿಯಿತು.

"ನಾಳಿ ನಿಮ್ಮಪ್ಪನ್ನ ಕರಕೊಂಡು ಬಾ. ಅಣ್ಣನೂ ಬರಲಿ," ಎಂದರು ಮಾಸ್ತರರು.

ಹಣಮವ್ವ ಮಾಸ್ತರರ ಮುಂದಿದ್ದ ಹಾಜರಿ ಪುಸ್ತಕದತ್ತ ನೋಡಿದಳು. ಪುಸ್ತಕದಲ್ಲಿರುವ ಹೆಸರು ಅಣ್ಣನದು. ಇಬ್ಬರಲ್ಲಿ ಒಬ್ಬರು ಶಾಲೆ ಬಿಡಬೇಕೆಂದರೆ ಬಿಡುವವರು ಯಾರು? ಅದನ್ನು ಯಾರನ್ನೂ ಕೇಳುವ ಅಗತ್ಯವೇ ಇರಲಿಲ್ಲ.

ಮರುದಿನ ಕರೆಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಕೆರವನ್ನು ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ.

"ನಮ್ಮ ಮನಿ ಪಾಳಿ ಒಂದ ದಿನಾನೂ ತಪ್ಪಿಲ್ಲರಿ ಮಾಸ್ತರ," ಎಂದ ಹೆಮ್ಮೆಯಿಂದ. "ಬೇಕಾದ್ರ ಪುಸ್ತಕ ತಗದು ನೋಡ್ರಿ."

"ನೋಡೇನಿ ಕರೆಪ್ಪ, ಪುಸ್ತಕದಾಗ ಎಲ್ಲಾ ಚಂದ ಐತಿ." ಮಾಸ್ತರರು ನಕ್ಕರು. "ಮಾಲಿಂಗ, ಹದಿಮೂರರ ಮಗ್ಗಿ ಹೇಳು."

"ಹದಿಮೂರ ಒಂದ್ಲೆ ಹದಿಮೂರು. ಹದಿಮೂರ ಎರಡ್ಲೆ..." ಮಾಲಿಂಗ ತಲೆ ಕೆರೆದುಕೊಂಡ. "ಅದನ್ನ ಅಕಿ ಪಾಳಿ ದಿನ ಹೇಳಿಕೊಟ್ಟಾರ್ರಿ. ನನಗ ಹನ್ನೆರಡರದು ಬರತೈತ್ರಿ."

ಹಣಮವ್ವ ಹದಿಮೂರರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಹನ್ನೆರಡರದು ಕೇಳಿದಾಗ ಮಾತ್ರ ನೆಲ ನೋಡುತ್ತ ನಿಂತಳು.

"ಇಬ್ಬರದೂ ಕೂಡಿಸಿದ್ರ ಒಂದ ಆತಲ್ರಿ?" ಎಂದ ಕರೆಪ್ಪ.

"ಕುರಿ ಯಾರರೆ ಕಾಯಲಿ, ಹೊಟ್ಟಿ ತುಂಬೂದು ಕುರಿದು. ಸಾಲ್ಯಾಗ ಹಂಗಲ್ಲರಿ. ಬಂದವರದಷ್ಟ ತುಂಬತೈತಿ." ಮಾಸ್ತರರು ಹಾಜರಿ ಪುಸ್ತಕ ತೆರೆದರು. "ಮುಂಬೈ ಸರಕಾರದ ಹುಕುಂ ಐತಿ. ಹೆಸರು ಹಚ್ಚಿದ ಹುಡುಗ ತಾನ ಬರಬೇಕು. ತಂಗಿ ಬಂದ ದಿನ ತಗದ್ರ ಮಾಲಿಂಗನ ಹಾಜರಿ ಅರ್ಧಾ ಉಳೀತೈತಿ. ಈ ವರ್ಷ ಅವಗ ಪರೀಕ್ಷಾ ಇಲ್ಲ."

ಮಾಲಿಂಗನ ಮುಖ ಬಾಡಿತು.

"ಮತ್ತ ಇಕಿದು?" ಎಂದು ಕರೆಪ್ಪ ಮಗಳ ಕಡೆ ಕೈ ಮಾಡಿದ.

"ಇಕಿ ಹೆಸರ ಇಲ್ಲಲ್ರಿ. ಹೆಸರಿಲ್ಲದವರನ್ನ ಇನ್ನ ಮ್ಯಾಲ ಕುಂದರಸಾಕ ಬರೂದಿಲ್ಲ. ಹಚ್ಚತೀರೋ, ಮನ್ಯಾಗ ಇಟ್ಟಗೋತೀರೋ, ಹೇಳ್ರಿ."

ಕರೆಪ್ಪ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. "ಇಬ್ಬರೂ ಬಂದ್ರ ಮರಿ ಯಾರು ಕಾಯಬೇಕ್ರಿ? ವಿಚಾರ ಮಾಡತೇನಿ."

ಅಪ್ಪ 'ವಿಚಾರ ಮಾಡತೇನಿ' ಎಂದರೆ ಮುಕ್ಕಾಲು ಪಾಲು 'ಇಲ್ಲ' ಎಂದೇ ಅರ್ಥ. ಮನೆಯವರಿಗೆಲ್ಲ ಅದು ಗೊತ್ತಿತ್ತು.

ಆ ಸಂಜೆ ಹಣಮವ್ವ ತಾಟಿನ ಮುಂದೆ ರೊಟ್ಟಿ ಮುರಿಯುತ್ತಲೇ ಕುಳಿತಿದ್ದಳು. "ನೀ ಯಾಕ ನಿನ್ನ ಹೆಸರು ಹೇಳಿದಿ?" ಎಂದು ಮಾಲಿಂಗ ಗೊಣಗಿದ. ಒಂದು ವರ್ಷ ಹಾಳಾದ ಸಿಟ್ಟು ಅವನದು. ಹಣಮವ್ವನ ಕಣ್ಣಿಂದ ನೀರು ಪಳಕ್ಕನೆ ತಾಟಿಗೇ ಬಿತ್ತು.

ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿ ರಾಯವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಮರಿ ನಾ ಕಾಯತೇನಿ," ಎಂದಳು.

"ನಿನ್ನ ಮೊಣಕಾಲು, ಯವ್ವಾ?" ಎಂದ ಕರೆಪ್ಪ.

"ಕುಂತ ಕುಂತ ಹಿಡಕೊಂಡಾವು. ನಾಕ ಹೆಜ್ಜಿ ಅಡ್ಡಾಡಿದ್ರ ಸಡಲ ಆಗತಾವು. ಸಣ್ಣಾಕಿದ್ದಾಗ ನನಗ ಯಾರೂ ಸಾಲಿ ಪಾಳಿ ಹಚ್ಚಲಿಲ್ಲ. ಮರಿ ಪಾಳಿನಾದ್ರೂ ಹಚ್ಚೋ."

ಕರೆಪ್ಪ ನಗಬೇಕೋ ಬೇಡವೋ ತಿಳಿಯದೆ ತಾಯಿಯನ್ನೇ ನೋಡಿದ. ಆಮೇಲೆ, "ಆಗಲಿ," ಎಂದ.

ಮರುದಿನ ಶಾಲೆಯಲ್ಲಿ ಮಾಸ್ತರರು ಹಾಜರಿ ಪುಸ್ತಕದ ಪುಟದ ಕೊನೆಯಲ್ಲಿ 'ಹಣಮವ್ವ ಕರೆಪ್ಪ' ಎಂದು ಬರೆದರು. ಅದರ ಮುಂದೆ ಜೂನ್‌ನಿಂದ ಆವತ್ತಿನವರೆಗಿನ ಚೌಕಗಳ ಮೇಲೆ ಉದ್ದಕ್ಕೆ ಗೆರೆ ಎಳೆದರು.

"ನಾ ಬಂದಿದ್ನಲ್ರಿ?" ಹಣಮವ್ವ ಮೆಲ್ಲಗೆ ಕೇಳಿದಳು.

"ಬಂದಿದ್ದಿ, ಖರೆ. ಆದ್ರ ಬ್ಯಾರೆಯವರ ಹೆಸರಲೆ ಬಂದಿದ್ದಿ. ಇವತ್ತಿಂದ ನಿಂದು," ಎಂದು ಮೊದಲ ಚೌಕ ತುಂಬಿದರು.

ವಾರ ಕಳೆಯಿತು. ಒಂದು ಬೆಳಿಗ್ಗೆ ಚಳಿ ಎಂದರೆ ಚಳಿ. ಹಣಮವ್ವ ಕಂಬಳಿ ಹೊದ್ದು ಕಟ್ಟೆಯ ಮೇಲೆ ಮುದುಡಿ ಕುಳಿತಿದ್ದಳು. ಅಣ್ಣ ಹೇಗೂ ಹೊರಟಿದ್ದಾನೆ, ಮನೆಯಿಂದ ಒಬ್ಬರು ಹೋದರೆ ಸಾಕಲ್ಲ ಎಂದು ಹಳೆಯ ಅಭ್ಯಾಸ ಮೆಲ್ಲಗೆ ಕಿವಿಯೂದಿತು.

ಆಗ ಎದುರಿನ ದಿಬ್ಬದ ಮೇಲೆ ಅಜ್ಜಿ ಕಂಡಳು. ತಪ್ಪಿಸಿಕೊಂಡ ಒಂದು ಮರಿಯ ಹಿಂದೆ ಹೋಗುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮೊಣಕಾಲಿನ ಮೇಲೆ. ನಾಲ್ಕು ಹೆಜ್ಜೆ ಇಡುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ನಾಲ್ಕು ಹೆಜ್ಜೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತು ಕಾಲು ತಿಕ್ಕಿಕೊಂಡಳು.

ಹಣಮವ್ವ ಬಹಳ ಹೊತ್ತು ಅತ್ತಲೇ ನೋಡಿದಳು. ಅಣ್ಣ ಎಷ್ಟು ಜೋರಾಗಿ ಹಾಜರ್ ಎಂದರೂ ಪುಟದ ಕೊನೆಯ ಆ ಚೌಕ ಇವತ್ತು ತುಂಬುವುದಿಲ್ಲ.

ಅವಳು ಕಂಬಳಿ ಮಡಚಿ ಒಳಗಿಟ್ಟು ಪಾಟಿ ತೆಗೆದುಕೊಂಡಳು. ಮಾಲಿಂಗ ಆಗಲೇ ಹಳ್ಳ ದಾಟಿದ್ದ.

"ಅಣ್ಣಾ, ನಿಂದ್ರೋ, ನಾನೂ ಬಂದ್ನಿ," ಎನ್ನುತ್ತ ಹಣಮವ್ವ ಅವನ ಹಿಂದೆ ಓಡಿದಳು.