ಅಣ್ಣನನ್ನು ಬಿಡಿಸಿದ ಚಂದಲೆ

ಬಹಳ ಕಾಲದ ಹಿಂದೆ, ಹೊಳೆಯೊಂದರ ದಡದಲ್ಲಿ ಮಡುವಣಿ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಬಿಟ್ಟಿಗ ಇನ್ನೂ ಚಿಕ್ಕ ವಯಸ್ಸಿನವನು. ತಂದೆ ತಾಯಿ ತೀರಿಕೊಂಡ ಮೇಲೆ ತಂಗಿ ಚಂದಲೆಯನ್ನು ಅವನೇ ಸಾಕಿದ್ದ. ಜಡೆ ಹೆಣೆಯುವುದರಿಂದ ಹಿಡಿದು ಕುದುರೆ ಸವಾರಿ ಕಲಿಸುವವರೆಗೆ ಎಲ್ಲವನ್ನೂ ಮಾಡಿದ್ದ.

ಹೊಳೆಯ ಆಚೆ ದಡದ ಕೋಟೆಯಲ್ಲಿ ಮಸಣಯ್ಯ ಎಂಬ ಮಾಂತ್ರಿಕನಿದ್ದ. ಅವನು ಬೆತ್ತ ಎತ್ತಿ ಯಾರ ಕಡೆ ತೋರಿಸಿದರೂ ಅವರು ಚಪ್ಪಟೆಯಾಗಿ ಗೋಡೆಯ ಮೇಲಿನ ಚಿತ್ರವಾಗುತ್ತಿದ್ದರು. ಉಸಿರಿಲ್ಲ, ಮಾತಿಲ್ಲ. ಚಿತ್ರದ ಕಣ್ಣುಗಳಿಂದ ನೀರು ಮಾತ್ರ ಇಳಿಯುತ್ತಿತ್ತು. ಒಮ್ಮೆ ಹೊಳೆಯಾಚೆ ಬೇಟೆಗೆ ಹೋದ ಬಿಟ್ಟಿಗನೂ ಅವನ ಗೋಡೆ ಸೇರಿದ.

ಆ ಮಾಯೆಗೆ ಬಿಡುಗಡೆಯೂ ಇತ್ತು. ಚಿತ್ರದ ಎದುರು ನೆಲದ ಮೇಲೆ, ಚಿತ್ರವಾದವರನ್ನು ಮೈತುಂಬಿದಂತೆ ಬಿಡಿಸಿದರೆ ಅವರು ಎದ್ದು ಬರುತ್ತಿದ್ದರು. ಎಷ್ಟೋ ಜನ ಹೋಗಿ ಅಂದವಾದ ಗೆರೆಗಳನ್ನು ಎಳೆದರು. ಗೆರೆ ಗೆರೆಯಾಗಿಯೇ ಉಳಿಯಿತು. ಎಳೆದವರೂ ಗೋಡೆ ಸೇರಿದರು.

ಚಂದಲೆ ಅರಮನೆಯ ಮುದಿ ಚಿತ್ರಗಾತಿ ಮಾಚವ್ವೆಯ ಬಳಿ ಓಡಿದಳು.

“ಅಜ್ಜಿ, ಅಣ್ಣನನ್ನು ನೀವೇ ಬಿಡಿಸಿಕೊಡಿ.”

ಮಾಚವ್ವೆ ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ನಡುಗುತ್ತಿದ್ದವು. “ಈ ಕೈ ಇನ್ನು ಕುಂಚ ಹಿಡಿಯುವುದಿಲ್ಲ, ಅಮ್ಮಣ್ಣಿ. ನೀವೇ ಕಲಿಯಬೇಕು.”

“ನನಗೆ ಒಂದು ಗೆರೆಯೂ ನೆಟ್ಟಗೆ ಬರುವುದಿಲ್ಲವಲ್ಲ!”

“ನೆಟ್ಟಗಿನ ಗೆರೆ ಯಾರಿಗೆ ಬೇಕು? ಒಂದು ಚೆಂಡು ಬಿಡಿಸಿ ನೋಡೋಣ.”

ಚಂದಲೆ ಇದ್ದಿಲು ಹಿಡಿದು ನೆಲದ ಮೇಲೆ ಒಂದು ಸುತ್ತು ಎಳೆದಳು.

“ಇದು ಬಳೆ. ಚೆಂಡು ಎಲ್ಲಿದೆ?” ಎಂದು ಮಾಚವ್ವೆ ಮೆಲ್ಲಗೆ ನಕ್ಕಳು. ಬೇಲದ ಹಣ್ಣೊಂದನ್ನು ಬಿಸಿಲಿಗೆ ತಂದಿಟ್ಟಳು. “ಬಿಸಿಲು ಎಲ್ಲಿ ಬಿದ್ದಿದೆ? ಎಲ್ಲಿಂದ ಮಬ್ಬಾಗುತ್ತಾ ಹೋಗಿದೆ? ನೆರಳು ಯಾವ ಕಡೆ ಮಲಗಿದೆ? ಕಣ್ಣಿನಿಂದ ಹಣ್ಣನ್ನು ಸವರಿ. ಆಮೇಲೆ ಬಿಡಿಸಿ.”

ಚಂದಲೆ ಬಿಡಿಸಿದಳು, ಅಳಿಸಿದಳು, ಮತ್ತೆ ಬಿಡಿಸಿದಳು. ಒಂದು ಮಧ್ಯಾಹ್ನ ನೆಲದ ಮೇಲಿನ ಹಣ್ಣನ್ನು ಎತ್ತಿಕೊಳ್ಳಲು ಅಳಿಲೊಂದು ಓಡಿಬಂದು ಪೆಚ್ಚಾಗಿ ಹೋಯಿತು. ಮಾಚವ್ವೆ ಚಪ್ಪಾಳೆ ತಟ್ಟಿದಳು.

ಚೆಂಡಿನ ನಂತರ ಕಂಬ, ಕಂಬದ ನಂತರ ಪೆಟ್ಟಿಗೆ, ಪೆಟ್ಟಿಗೆಯ ನಂತರ ಬುಗುರಿಯಂತೆ ಚೂಪಾಗುವ ಶಂಕು. “ಲೋಕದಲ್ಲಿರುವುದೆಲ್ಲ ಹೆಚ್ಚುಕಡಿಮೆ ಈ ನಾಲ್ಕರಿಂದಲೇ ಆಗಿದೆ, ಅಮ್ಮಣ್ಣಿ. ಮೊದಲು ಇವನ್ನು ಜೋಡಿಸಿ. ಮೂಗು, ರೆಪ್ಪೆ, ಒಡವೆ ಎಲ್ಲ ಆಮೇಲೆ. ಕಾಣದ ಬದಿಯೂ ಅಲ್ಲಿದೆ ಎನ್ನುವುದು ಕೈಗೆ ಗೊತ್ತಿರಲಿ.”

ಅಂದಿನಿಂದ ಚಂದಲೆಗೆ ಹೂಜಿ ಕಂಡರೆ ಚೆಂಡಿನ ಮೇಲೆ ಕೂತ ಕಂಬ ಕಾಣುತ್ತಿತ್ತು. ಗುಡಿಸಲು ಕಂಡರೆ ಪೆಟ್ಟಿಗೆಯ ಮೇಲಿಟ್ಟ ಶಂಕು ಕಾಣುತ್ತಿತ್ತು. ಕೈ ಪಳಗಿದ ಮೇಲೆ ಅವಳು ಇದ್ದಿಲಿನ ಚೀಲ ಹೆಗಲಿಗೇರಿಸಿ ಹೊರಟಳು.

ಹೊಳೆಯ ದಡದಲ್ಲಿ ದೋಣಿ ಇರಲಿಲ್ಲ. ಮಸಣಯ್ಯನ ಬೆತ್ತಕ್ಕೆ ಸಿಕ್ಕಿದ ಹರಿಗೋಲೊಂದು ಬಂಡೆಯ ಮೇಲೆ ಚಿತ್ರವಾಗಿ ಅಂಟಿಕೊಂಡಿತ್ತು. ಚಂದಲೆ ನೋಡಿದಳು. ಹರಿಗೋಲೆಂದರೆ ಅರ್ಧಕ್ಕೆ ಕೊಯ್ದ ದೊಡ್ಡ ಚೆಂಡು, ಒಳಗೆ ಟೊಳ್ಳು. ಎದುರಿನ ನೆಲದ ಮೇಲೆ ಅದನ್ನು ಬಿಡಿಸಿ, ಒಳಗಿನ ಮಬ್ಬು, ಹೊರಗಿನ ಬೆಳಕು ಎರಡನ್ನೂ ತುಂಬಿದಳು. ಹರಿಗೋಲು ಗರಗರ ತಿರುಗಿ ನೀರಿಗಿಳಿಯಿತು. ಅವಳು ಹೊಳೆ ದಾಟಿದಳು.

ಕೋಟೆಗೆ ಕಬ್ಬಿಣದ ಬಾಗಿಲು. ಪಕ್ಕದ ಗೋಡೆಯಲ್ಲಿ ಆನೆಯೊಂದು ಚಿತ್ರವಾಗಿ ಅಳುತ್ತಿತ್ತು. ಅಷ್ಟು ದೊಡ್ಡ ಪ್ರಾಣಿಯನ್ನು ಎಲ್ಲಿಂದ ಶುರುಮಾಡುವುದೆಂದು ಚಂದಲೆಗೆ ತೋಚಲಿಲ್ಲ. ಕಣ್ಣು ಮುಚ್ಚಿ ತೆರೆದಳು. ಮೈ ಒಂದು ದೊಡ್ಡ ಚೆಂಡು, ತಲೆ ಇನ್ನೊಂದು. ಕಾಲು ನಾಲ್ಕು ಕಂಬ. ಸೊಂಡಿಲು ಬಾಗಿದ ಶಂಕು. ಒಂದೊಂದಾಗಿ ಜೋಡಿಸಿದಳು. ಕೊನೆಗೆ ಚರ್ಮದ ಸುಕ್ಕು, ಕಿವಿಯ ಅಂಚು. ಆನೆ ನೆಲದಿಂದೆದ್ದು ಮೈ ಕೊಡವಿ, ಅವಳ ತಲೆಯನ್ನು ಸೊಂಡಿಲಿನಿಂದ ನೇವರಿಸಿ, ಒಂದೇ ಗುದ್ದಿಗೆ ಬಾಗಿಲು ಮುರಿಯಿತು.

ಒಳಗೆ ಉದ್ದನೆಯ ಗೋಡೆ, ಗೋಡೆಯ ತುಂಬ ಜನ. ಮಸಣಯ್ಯ ಕಲ್ಲುಬೆಂಚಿನ ಮೇಲೆ ಕೂತಿದ್ದ.

“ಏ ಹುಡುಗಿ, ಇವರನ್ನೇಕೆ ಎಬ್ಬಿಸುತ್ತೀಯ? ಎದ್ದವರು ಎದ್ದು ಹೋಗುತ್ತಾರೆ. ಗೋಡೆಯ ಮೇಲಾದರೆ ಸದಾ ಇರುತ್ತಾರೆ.”

“ನನ್ನ ಅಣ್ಣ ಅಳುತ್ತಿದ್ದಾನೆ,” ಎಂದಳು ಚಂದಲೆ.

“ಸರಿ, ಬಿಡಿಸು. ಏಳದಿದ್ದರೆ ನೀನೂ ಅವನ ಪಕ್ಕದಲ್ಲೇ.”

ಅವಳು ಮಂಡಿಯೂರಿದಳು. ತಲೆಗೆ ಚೆಂಡು, ಎದೆಗೆ ಪೆಟ್ಟಿಗೆ, ಕೈಕಾಲಿಗೆ ಕಂಬಗಳು. ಅಣ್ಣನ ಕಣ್ಣು, ಹುಬ್ಬು, ಗಲ್ಲದ ಗುಳಿ. ಎಲ್ಲ ಮುಗಿಯಿತು. ಅವನು ಏಳಲಿಲ್ಲ. ಮಸಣಯ್ಯ ಬೆತ್ತಕ್ಕೆ ಕೈ ಹಾಕಿದ.

ಚಂದಲೆ ಗೋಡೆಯನ್ನೂ ನೆಲವನ್ನೂ ಮತ್ತೆ ನೋಡಿದಳು. ಎಲ್ಲಿ ತಪ್ಪಿದೆ? ಗೋಡೆಯ ಮೇಲೆ ಅಣ್ಣ ಎದುರುಮುಖವಾಗಿ ನಿಂತಿದ್ದಾನೆ, ಬೆನ್ನು ಕಾಣುವುದಿಲ್ಲ. ಬಿಟ್ಟಿಗನ ಬೆನ್ನು ಗೂನು. ಅರಮನೆಯ ಪಟಗಳಲ್ಲೆಲ್ಲ ಅವನ ಬೆನ್ನನ್ನು ನೆಟ್ಟಗೇ ಬರೆಯುತ್ತಿದ್ದರು. ದೊರೆಗೆ ನೋವಾಗಬಾರದು ಎಂದು. ಅವಳೂ ಅಣ್ಣನ ಮೇಲಿನ ಪ್ರೀತಿಯಿಂದ ನೆಟ್ಟಗೇ ಬಿಡಿಸಿಬಿಟ್ಟಿದ್ದಳು. ಆದರೆ ಆ ಗೂನುಬೆನ್ನಿನ ಮೇಲೆ ಕೂತೇ ಅಲ್ಲವೆ ಅವಳು ಮಗುವಾಗಿದ್ದಾಗ ಊರೆಲ್ಲ ಸುತ್ತಿದ್ದು! ಅದರ ಏರು ಇಳಿತ ಅವಳ ಕೆನ್ನೆಗೆ ಗೊತ್ತಿತ್ತು.

ಪೆಟ್ಟಿಗೆಯನ್ನು ಅಳಿಸಿ ಮುಂದಕ್ಕೆ ಬಾಗಿಸಿದಳು. ಬೆನ್ನಿಗೆ ಒಂದು ಪುಟ್ಟ ಚೆಂಡು ಸೇರಿಸಿದಳು. ಒಂದು ಹೆಗಲನ್ನು ಇಳಿಸಿದಳು. ನೆರಳು ತುಂಬಿದಳು.

“ಚಂದೂ,” ಎಂದು ಬಿಟ್ಟಿಗ ಎದ್ದು ಕೂತ. ಅವಳು ಅವನನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮಸಣಯ್ಯನ ಕೈಯಿಂದ ಬೆತ್ತ ಜಾರಿತು. ಅವನು ತಡವರಿಸುತ್ತಾ ಗೋಡೆಯ ಮೂಲೆಗೆ ಹೋದ. ಅಲ್ಲಿ ಮದುಮಗಳ ಸೀರೆಯುಟ್ಟ ಹುಡುಗಿಯ ಚಿತ್ರವಿತ್ತು.

“ನನ್ನ ಮಗಳು ಹೊನ್ನಲೆ. ಮದುವೆಯಾಗಿ ದೂರದ ಊರಿಗೆ ಹೊರಟಿದ್ದಳು. ತಡೆಯಲಾಗದೆ ಬೆತ್ತ ಎತ್ತಿಬಿಟ್ಟೆ. ಮೊದಲನೆಯವಳು ಇವಳೇ. ಆಮೇಲೆ ಎಬ್ಬಿಸಲು ನನಗೆ ಬರಲಿಲ್ಲ.” ಅವನು ಚಂದಲೆಯ ಕಡೆ ತಿರುಗಿದ. “ನೀನು ಬಿಡಿಸಿಕೊಡು, ತಾಯಿ.”

ಬಿಟ್ಟಿಗ ಕತ್ತಿಗೆ ಕೈ ಹಾಕಿದ್ದ. ಚಂದಲೆ ಅವನ ಕೈ ಹಿಡಿದು ತಡೆದಳು. ಮಾಂತ್ರಿಕನ ಪಕ್ಕದಲ್ಲಿ ಕೂತು ಇದ್ದಿಲು ಕೊಟ್ಟಳು.

“ಆಕೆಯನ್ನು ಎತ್ತಿ ಆಡಿಸಿದವರು ನೀವು. ನನಗೆ ಗೊತ್ತಿಲ್ಲದ್ದು ನಿಮಗೆ ಗೊತ್ತು. ಮೊದಲು ಒಂದು ಚೆಂಡು ಬಿಡಿಸಿ.”

ಅವನು ಒಂದು ಬಳೆ ಎಳೆದ. ಅವಳು ನಗಲಿಲ್ಲ. ಬೆಳಕು ಎಲ್ಲಿ, ಮಬ್ಬು ಎಲ್ಲಿ ಎಂದು ತೋರಿಸಿದಳು. ಅವನು ಕಲಿಯುತ್ತಿದ್ದಷ್ಟು ಕಾಲವೂ ಚಂದಲೆ ಉಳಿದವರನ್ನು, ಅವರವರ ಮನೆಯವರನ್ನು ಕೇಳಿ ತಿಳಿದು, ಬಿಡಿಸುತ್ತಿದ್ದಳು. ಬಿಟ್ಟಿಗ ಎದ್ದವರಿಗೆಲ್ಲ ಗಂಜಿ ಕಾಯಿಸಿ ಕೊಡುತ್ತಿದ್ದ. ಗೋಡೆ ಬರಿದಾಗುತ್ತಾ ಬಂತು. ಕೊನೆಗೊಂದು ಬೆಳಗ್ಗೆ ಮಸಣಯ್ಯನ ಚಿತ್ರದಿಂದ ಹೊನ್ನಲೆ ಎದ್ದಳು. ಅವನ ಬೆತ್ತ ತಾನಾಗಿಯೇ ಪುಡಿಯಾಯಿತು.

ಹೊನ್ನಲೆ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. “ಅಪ್ಪಯ್ಯ, ನಾನು ಹೋಗಬೇಕು.”

“ಹೋಗಿ ಬಾ, ಮಗಳೇ. ಬರುತ್ತಾ ಇರು,” ಎಂದ ಮಸಣಯ್ಯ.

ಅವಳಿಗಾಗಿ ಇನ್ನೂ ಕಾಯುತ್ತಿದ್ದ ಗಂಡನ ಊರಿಗೆ ಅವಳನ್ನು ಆನೆಯ ಮೇಲೆ ಕೂರಿಸಿ ಕಳಿಸಿದರು. ವರ್ಷ ತುಂಬುವಷ್ಟರಲ್ಲಿ ಅವಳು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ತವರಿಗೆ ಬಂದಳು. ಮಸಣಯ್ಯ ಕೋಟೆಯ ಮುರಿದ ಬಾಗಿಲನ್ನು ಮತ್ತೆ ಹಾಕಿಸಲೇ ಇಲ್ಲ. ಮಡುವಣಿಯ ಜನ ಬಹುಕಾಲ ನೆಮ್ಮದಿಯಿಂದ ಬಾಳಿದರು.