ಸೋಫಾ ಹೊರಗೆ ಬಂದ ದಿನ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗವಿಲ್ಲ!

ಗಾದೆ ಉಲ್ಟಾ ಆಯಿತೇ? ಆಗಲಿ ಬಿಡಿ. ಕಿಟ್ವೆ ಪಟ್ಟಣದ ದರ್ಜಿ ಹುಡುಗಿ ಸಂಪಾ ಈ ಉಲ್ಟಾ ಗಾದೆಯನ್ನೇ ನಂಬಿ ಸಾಯಹೊರಟಿದ್ದಳು. ನಡೆದದ್ದನ್ನು ನಡೆದ ಹಾಗೆಯೇ ಹೇಳುವೆ, ಕೇಳಿ.

ಅವಳು ಯೋನಾನನ್ನು ಮೊದಲು ಕಂಡದ್ದು ತನ್ನಪ್ಪನಿಗೆಂದು ತೋಡಿದ್ದ ಗುಂಡಿಯಲ್ಲಿ!

ಶವಪೆಟ್ಟಿಗೆ ಇಳಿಸುವ ಹೊತ್ತಿಗೆ ಸರಿಯಾಗಿ ಈ ಮಿನಿಬಸ್ ಕಂಡಕ್ಟರ್ ಗುಂಡಿಗೆ ಹಾರಿ, ಕಾಲು ಚಾಚಿ ಮಲಗಿಬಿಟ್ಟಿದ್ದ.

"ಕೋತಿ ತಿನ್ನೋ ಬೆಂಬಾ ಮುದುಕನಿಗೆ ಇಷ್ಟು ದೊಡ್ಡ ಜಾಗ ಯಾಕ್ರೀ? ಸ್ವಲ್ಪ ಸರ್ಕೊಳ್ಳೋಕೆ ಹೇಳಿ!"

ಯಾರೂ ಸಿಟ್ಟಾಗಲಿಲ್ಲ. ಅವನು ಅಂಗೋನಿ ಬುಡಕಟ್ಟಿನವನು, ಇವರು ಬೆಂಬಾ. ಅಜ್ಜಂದಿರ ಕಾಲದಲ್ಲಿ ಈಟಿ ಹಿಡಿದು ಬಡಿದಾಡಿದವರು, ಈಗ ಗೇಲಿಯ ನೆಂಟರು. ಸಾವಿನ ಮನೆಯಲ್ಲಿ ಅಣಕಿಸುವುದು ಅವನ ಹಕ್ಕು. ಸಹಿಸುವುದು ಇವರ ಪಾಲು.

"ಏಳೋ ಮೇಲೆ, ಇಲಿ ತಿನ್ನೋನೇ!" ಸಂಪಾ ಅಳುತ್ತಲೇ ಬೈದಳು.

ಅವನು ಕತ್ತೆತ್ತಿ ನೋಡಿದ. ಅವಳಿಗೆ ನಗು ಬಂದುಬಿಟ್ಟಿತು... ಅಪ್ಪ ಹೋದ ಮೇಲಿನ ಮೊದಲ ನಗು!

ಪ್ರೀತಿ ಬೆಳೆಯುವ ಮೊದಲೇ ಅವಳು ಹೇಳಿಬಿಟ್ಟಳು. "ನನಗೆ ಎಚ್‌ಐವಿ ಇದೆ. ಓಡೋದಾದ್ರೆ ಈಗ್ಲೇ ಓಡು."

ಅವನು ಓಡಲಿಲ್ಲ. ಜೊತೆಗೇ ಕ್ಲಿನಿಕ್ಕಿಗೆ ಬಂದ.

"ಗುಳಿಗೆ ತಪ್ಪಿಸಬೇಡ. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಇದ್ರೆ, ಕೂಡಿದ್ರೂ ಅವನಿಗೆ ಅಂಟಲ್ಲ" ಎಂದಳು ನರ್ಸಮ್ಮ.

ಯೋನಾ ನಂಬಿದ. ಸಂಪಾಳಿಗೆ ಮಾತ್ರ ನಂಬಿಕೆ ಬರಲಿಲ್ಲ. 'ಕೆಟ್ಟ ರಕ್ತದವಳು ಮದುಮಗಳಾಗಬಹುದೇ? ಕೂಸು ಹೆರಬಹುದೇ?'

ಆ ಅನುಮಾನವೇ ಅವಳನ್ನು, ಪ್ರಾರ್ಥನೆಯಿಂದಲೇ ರೋಗ ವಾಸಿಮಾಡುತ್ತೇನೆನ್ನುವ ಪ್ರವಾದಿಯೊಬ್ಬನ ಗುಡಾರಕ್ಕೆ ಎಳೆದೊಯ್ದಿತು.

"ಗುಣವಾದೆ ಮಗಳೇ! ಇನ್ನು ಗುಳಿಗೆ ನುಂಗಿದರೆ ದೇವರನ್ನು ಸುಳ್ಳುಗಾರ ಅಂದ ಹಾಗೆ! ಸ್ವೀ...ಕರಿಸು!"

ಗುಡಾರ ತುಂಬಿದ್ದ ಜನರೆದುರು ಅವಳು ಗುಳಿಗೆಯ ಡಬ್ಬಿಯನ್ನು ಎಸೆದಳು.

"ದೇವರಿಗೂ ಗುಳಿಗೆಗೂ ಏನು ಜಗಳ ಕಣೇ? ಪ್ರಾರ್ಥನೇನೂ ಮಾಡು, ಗುಳಿಗೇನೂ ನುಂಗು" ಎಂದು ಯೋನಾ ಅಂಗಲಾಚಿದ.

"ಅಂದ್ರೆ ನಾನಿನ್ನೂ ಕೊಳಕು ಅಂತ! ನನ್ನ ಮುಟ್ಟೋಕೆ ಭಯ ನಿನಗೆ! ಹೋಗು, ಇನ್ನು ಈ ಕಡೆ ತಲೆ ಹಾಕ್ಬೇಡ!"

ಬಾಗಿಲು ಮುಚ್ಚಿತು.

ಮಳೆಗಾಲ ಮುಗಿಯುವಷ್ಟರಲ್ಲಿ ತಾನೇ ಹೊಲಿದ ಲಂಗಗಳು ಅವಳ ಸೊಂಟದಲ್ಲಿ ನಿಲ್ಲದಾದವು. ಕೆಮ್ಮು. ಬಾಯಿತುಂಬ ಹುಣ್ಣು. ನ್ಶಿಮಾ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಮ್ಮ ನೋಡುತ್ತಿದ್ದಳು, ಸುಮ್ಮನಿರುತ್ತಿದ್ದಳು. ಬಾಯಿಬಿಟ್ಟರೆ ಅದೂ ಅಪನಂಬಿಕೆಯಲ್ಲವೇ?

ಒಂದು ಶನಿವಾರ ಬೆಳಿಗ್ಗೆ ನಡುಮನೆಯಲ್ಲಿ ಏನನ್ನೋ ದರದರ ಎಳೆಯುವ ಸದ್ದು.

ಸೋಫಾ ಅಂಗಳಕ್ಕೆ ಬಂತು. ಪಕ್ಕದಲ್ಲಿ ಬೆಂಕಿ ಹೊತ್ತಿತು. ಆ ಕೇರಿಯಲ್ಲಿ ಅದಕ್ಕೆ ಒಂದೇ ಅರ್ಥ... ಸಾವಾಗಿದೆ, ಹೆಂಗಸರು ನೆಲದ ಮೇಲೆ ಕೂತು ಅಳಲು ಮನೆ ಖಾಲಿಯಾಗುತ್ತಿದೆ! ನೆರೆಯವರು ಹಿಟ್ಟಿನ ಚೀಲ ಹೊತ್ತು ಗೋಳಾಡುತ್ತ ಬಂದರು.

ಸಂಪಾ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. "ಅಮ್ಮಾ... ಯಾರು ಸತ್ರು?"

"ನೀನೇ!" ಎಂದ ಯೋನಾ. ಅವಳು ಸುತ್ತಿಕೊಳ್ಳುವ ಚಿತೆಂಗೆ ಬಟ್ಟೆಯೇ ಅವನ ಸೊಂಟದಲ್ಲಿ. "ನೀನು ಸತ್ತಾಗ ಅಣಕಿಸಬೇಕಾದವನು ನಾನು ತಾನೆ? ಆಗ ನನ್ನ ಕೈಲಾಗಲ್ಲ. ಅದಕ್ಕೇ ಈಗ್ಲೇ ಮುಗಿಸಿಬಿಡ್ತೀನಿ."

ಎದೆ ಉಬ್ಬಿಸಿದ. ಥೇಟ್ ಪ್ರವಾದಿಯ ಗಂಟಲು!

"ಪ್ರಿಯರೇ! ಈ ಮಗಳಿಗೆ ನಂಬಿಕೆ ಸಾಲಲಿಲ್ಲ! ದೇವರದೇನೂ ತಪ್ಪಿಲ್ಲ, ನನ್ನದಂತೂ ಮೊದಲೇ ಇಲ್ಲ! ಮುಂದಿನವರು ಬನ್ನಿ... ಸ್ವೀ...ಕರಿಸಿ!"

ಯಾರೋ ಕಿಸಕ್ಕೆಂದರು. ಸಂಪಾಳಿಗೆ ನೆನಪಾಯಿತು. 'ಹೌದಲ್ಲ... ಹಿಂದಿನ ಬೀದಿಯ ಬಾಣಂತಿಯನ್ನು ಮಣ್ಣು ಮಾಡಿದಾಗಲೂ ಪ್ರವಾದಿ ಇದನ್ನೇ ಹೇಳಿದ್ದರು!'

ಅಮ್ಮನ ದನಿ ಬಂತು ಅವನ ಬಾಯಿಂದ. "ಒಂದೇ ಒಂದು ಮಾತು ಆಡಿದ್ರೆ ಮಗಳು ಉಳೀತಿದ್ಲೇನೋ..."

ಅಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಈಗ ಇವಳನ್ನ ಪ್ರೀತಿಸಿದವನ ಅಳು" ಎಂದ.

ಬಾಯಿ ತೆರೆದ. ದನಿ ಹೊರಡಲಿಲ್ಲ. ಮತ್ತೆ ತೆರೆದ. ಬಸ್ ಹತ್ತಿದವರನ್ನೆಲ್ಲ ಅಣಕಿಸುವವನು ಮಂಡಿಯೂರಿ ಕುಸಿದ.

"ಇದೊಂದು ಬರ್ತಿಲ್ಲ ಸಂಪಾ... ನನ್ನ ಕೈಲಿ ಇದನ್ನ ಮಾಡಿಸ್ಬೇಡ. ನಿನ್ನ ಮುಟ್ಟೋಕೆ ಯಾವತ್ತೂ ಭಯ ಇರ್ಲಿಲ್ಲ ಕಣೇ. ನೀನು ಇಲ್ಲದೇ ಹೋದ್ರೆ ಅನ್ನೋದೇ ಭಯ!"

ಅವಳು ತೂರಾಡುತ್ತಾ ಬಂದು ಸೋಫಾದ ಮೇಲೆ ಕುಸಿದಳು. ಎಲುಬಿನಂಥ ಬೆರಳು ಅವನ ಕೂದಲಲ್ಲಿ ಆಡಿತು.

"ಏಳೋ ಮೇಲೆ, ಇಲಿ ತಿನ್ನೋನೇ... ಬಸ್ ತಂದಿದೀಯಾ?"

"ಬೀದಿ ತುದೀಲಿದೆ."

"ನಡೆಯೋಕಾಗಲ್ಲ ನನಗೆ."

ಅಳಲು ಬಂದವರೇ ಸೋಫಾಕ್ಕೆ ಹೆಗಲು ಕೊಟ್ಟರು. ಅಭ್ಯಾಸಬಲದಿಂದ ಒಬ್ಬಾಕೆ ಸಾವಿನ ಹಾಡು ಶುರುಮಾಡಿ ನಾಲಿಗೆ ಕಚ್ಚಿಕೊಂಡಳು.

"ಕ್ಲಿನಿಕ್, ಕ್ಲಿನಿಕ್! ದಾರಿ ಬಿಡಿ! ಹೆಣಕ್ಕೆ ಕಿಟಕಿ ಸೀಟು!" ಯೋನಾ ಕಣ್ಣೊರೆಸಿಕೊಳ್ಳುತ್ತ ಕೂಗಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ. "ಬದುಕ್ತೀಯ ತಾನೆ?"

"ಬರೀ ಮಾತಿಂದ ಆಗಲ್ಲ ಕಣೋ. ಗುಳಿಗೆ ಕೊಡ್ಸು. ಆಮೇಲೆ ಮದುವೆ ಮಾತು."

"ತಡ ಆಗಿದ್ರೆ...?"

ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದಳು.

"ಆಗಿದ್ರೆ ಏನೀಗ? ಸೋಫಾ ಹೇಗೂ ಹೊರಗೇ ಇದೆಯಲ್ಲ!"

ಹೊತ್ತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ, ಕೆಮ್ಮು ಒತ್ತರಿಸಿ ಬಂದರೂ ನಿಲ್ಲಿಸದೆ, ಸತ್ತವಳೇ ನಕ್ಕಳು.