ಜಲಪಾತದ ಐದನೆಯ ಫೋಟೋ

“ಅಲ್ಲೇ ನಿಂದರ್ರಿ! ಒಂಚೂರೂ ಅಲುಗಾಡಬ್ಯಾಡ್ರಿ!”

ಜಲಪಾತದ ಬುಡದ ಬಂಡೆಯ ಮೇಲೆ ಬೊಗಸೆಯಲ್ಲಿ ನೀರು ಹಿಡಿದಿದ್ದ ಕಾಂತಾ ಬೆಚ್ಚಿಬಿದ್ದಳು. ಹಾವೇನಾದರೂ...?

ಹಾವಲ್ಲ! ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ನಿಂತ ಒಬ್ಬ ಯುವಕ.

“ತಪ್ಪ ತಿಳ್ಕೋಬ್ಯಾಡ್ರಿ. ನಾನು ನಾಗಲಿಂಗ. ಬೆಳಗಾವಿ ಅನಗೋಳದಾಗ ಸ್ಟುಡಿಯೋ ಐತಿ. ಇಷ್ಟ ಎತ್ತರದ ನೀರು ಒಂದ ಫೋಟೋದಾಗ ಹಿಡಿಯೂದಿಲ್ರಿ. ಮ್ಯಾಲಿಂದ ಕೆಳಗಿನ ತನಕ ಐದು ತಗದು, ಒಂದರ ಕೆಳಗೊಂದು ಅಂಟಸ್ತೀನಿ. ಬುಡಕ್ಕ ಯಾರರ ನಿಂತ್ರನ ಅದರ ಎತ್ತರ ತಿಳಿಯೂದು.”

“ಅಯ್ಯ ಶಿವನ! ನಮ್ಮ ಹುಡುಗೀನ್ನ ಅಳತಿ ಕೋಲು ಮಾಡಿದ್ನಲ್ಲ ಇಂವ!” ಬುತ್ತಿ ಬಿಚ್ಚುತ್ತಿದ್ದ ಸೋದರತ್ತೆ ಸಂಗವ್ವ ನಕ್ಕಳು. “ನಿಂದರ್ ಬಿಡವಾ, ರೊಟ್ಟಿ ಏನ್ ಓಡಿ ಹೋಗೂದಿಲ್ಲ.”

ಅದು 1982ರ ಶ್ರಾವಣ. ಪಾರಿಶ್ವಾಡದ ಕಾಂತಾ ಖಾನಾಪುರದ ಕಾಡಂಚಿನ ಶಾಲೆಗೆ ಟೀಚರಾಗಿ ಬಂದು, ಅತ್ತೆಯ ಮನೆಯಲ್ಲಿದ್ದು, ಒಂದು ವರ್ಷವಾಗಿತ್ತು.

ಕ್ಯಾಮೆರಾ ನಿಧಾನವಾಗಿ ತಲೆ ಬಾಗಿಸುತ್ತಾ ಇಳಿಯಿತು. ಒಂದು... ಎರಡು... ಮೂರು... ನಾಲ್ಕನೆಯದರವರೆಗೂ ಕಾಂತಾ ನೀರನ್ನೇ ನೋಡುತ್ತಿದ್ದಳು. ಐದನೆಯದಕ್ಕೆ ಅದೇಕೋ ಅವನತ್ತ ಮುಖ ತಿರುಗಿಸಿದಳು.

ತುಂತುರಿನಾಚೆ ಅವನು... ಗರ್ಭಗುಡಿಯೆದುರು ನಿಂತವನ ಹಾಗೆ, ಉಸಿರು ಬಿಗಿಹಿಡಿದು!

‘ಶಿವನೇ, ಇದೇನಾಯಿತು ನನಗೆ?’

ಆಮೇಲೆ ಶ್ರಾವಣದ ಪ್ರತಿ ಭಾನುವಾರವೂ ಅವನು ಜಲಪಾತದ ಬಳಿಗೆ ಬಂದ. ಬೆಳಕಿನ ಮಾತಾಡಿದ, ನೀರಿನ ಮಾತಾಡಿದ. ಆಡಬೇಕಾದ ಮಾತೊಂದನ್ನು ಮಾತ್ರ ಆಡಲಿಲ್ಲ. ಅವಳಿಗೂ ಬಾಯಿ ಬರಲಿಲ್ಲ. ಆ ನೋಟದಲ್ಲಿ ಎಲ್ಲವನ್ನೂ ಹೇಳಿಯಾಗಿತ್ತಲ್ಲ...

ಅಷ್ಟರಲ್ಲಿ ಗೋಕಾಕದಿಂದ ವರನ ಕಡೆಯವರು ಬಂದುಹೋದರು. ಅಪ್ಪ ಬಾಳಪ್ಪ ಒಳ್ಳೆಯವನು. “ನಿನ್ನ ಮನಸ್ಸಿನ ಮ್ಯಾಗ ಐತಿ. ಸೋಮವಾರ ಅವರಿಗೆ ಉತ್ತರಾ ಕೊಡಬೇಕು ನೋಡವಾ” ಎಂದ.

ಶನಿವಾರ ಬೆಳಗಾವಿಯಲ್ಲಿ ನಾಗಲಿಂಗನ ಫೋಟೋ ಪ್ರದರ್ಶನ. ಅತ್ತೆಯ ಜೊತೆ ಕಾಂತಾ ಹೋದಳು. ‘ನನ್ನ ನೋಟ ಅವರಿಗೆ ಅರ್ಥವಾಗಿದ್ದರೆ ಇವತ್ತು ಆ ಐದನೆಯ ಫೋಟೋದಲ್ಲೇ ಗೊತ್ತಾಗುತ್ತದೆ...’

ಆಳೆತ್ತರದ ಚಿತ್ರ! ನೀರು ಆಕಾಶದಿಂದಲೇ ಇಳಿದಂತಿತ್ತು. ನೋಡುತ್ತಾ ನೋಡುತ್ತಾ ಅವಳ ಕಣ್ಣೂ ಇಳಿಯಿತು... ಬುಡದ ಬಂಡೆಗೆ ಬಂದು ನಿಂತಿತು.

ಅಲ್ಲಿ ಅವಳಿದ್ದಳು. ನೀರಿನ ಕಡೆ ಮುಖ ಮಾಡಿ!

ಆ ಬಂಡೆ ನಾಲ್ಕನೆಯ ಫೋಟೋದ ತಳದಲ್ಲೂ ಇತ್ತು, ಐದನೆಯದರ ತಲೆಯಲ್ಲೂ ಇತ್ತು. ಇಬ್ಬರು ಕಾಂತೆಯರಲ್ಲಿ ಒಬ್ಬಳನ್ನಷ್ಟೇ ಉಳಿಸಬೇಕು. ಅವನು ನಾಲ್ಕನೆಯವಳನ್ನು ಉಳಿಸಿಕೊಂಡಿದ್ದ.

“ಬೆನ್ನಷ್ಟ ಕಾಣ್ತೈತಲ್ಲ! ಇದು ನೀನಾ ಅಂತ ಯಾರು ನಂಬ್ಯಾರು?” ಎಂದಳು ಅತ್ತೆ.

‘ಹಾಗಾದರೆ ಇದೇ ಅವರ ಉತ್ತರ...’

ನಾಗಲಿಂಗ ನಗುತ್ತಾ ಹತ್ತಿರ ಬಂದ. “ಹೆಂಗ ಬಂದೈತ್ರಿ ಟೀಚರ್?”

“ಭಾಳ ಚಂದ ಐತ್ರಿ. ಬ್ಯಾಡಾದದ್ದು ಮುಚ್ಚೀರಿ, ಬೇಕಾದದ್ದು ತೋರ್ಸೀರಿ.” ಅವಳು ಚಿತ್ರದಿಂದ ಕಣ್ಣು ಕಿತ್ತಳು. “ಸೋಮವಾರ ನಮ್ಮಪ್ಪ ಗೋಕಾಕದವರಿಗೆ ಮಾತ ಕೊಡ್ತಾನ. ನಾ ಹೂಂ ಅಂತೀನಿ.”

ಅವನ ಮುಖ ಬಿಳಚಿತು. ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹಾಸಿದ. ನಾಲ್ಕನೆಯ ಫೋಟೋದ ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎತ್ತಿದ. ಎರಡೇ ಮೂಲೆಗೆ ಅಂಟು ಹಚ್ಚಿದ್ದ!

ಕೆಳಗೆ... ಇನ್ನೊಬ್ಬ ಕಾಂತಾ. ನೇರವಾಗಿ ನೋಡುತ್ತಾ.

“ಕತ್ತರಿ ಹಚ್ಚಾಕ ಕೈ ಬರಲಿಲ್ರಿ” ಎಂದ ನಾಗಲಿಂಗ ತಗ್ಗಿದ ದನಿಯಲ್ಲಿ. “ಊರ ಮಂದಿ ಎದುರಿಗೆ ಇಡಾಕೂ ಮನಸ್ಸು ಒಪ್ಪಲಿಲ್ಲ.”

“ನನಗರ ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ದಿನಾ ಲಿಂಗಪೂಜಿ ಮುಗಿಸಿ ಇದನ್ನ ನೋಡ್ಕೋತ ಕುಂದ್ರತೀನಿ. ಈಕಿ ಖರೇನ ನನ್ನ ನೋಡ್ಯಾಳೋ... ಕ್ಯಾಮೆರಾ ನೋಡ್ಯಾಳೋ?”

ಕಾಂತಾಳ ಕಣ್ಣು ತುಂಬಿತು, ತುಟಿ ನಕ್ಕಿತು.

“ಕ್ಯಾಮೆರಾಕ್ಕ ಇರೂದು ಒಂದ ಕಣ್ಣು. ನಾ ನೋಡಿದ್ದು ಎರಡು...”

ಸಂಗವ್ವ ಮುಂದಿನ ಚಿತ್ರ ನೋಡುವ ನೆಪದಲ್ಲಿ ಸದ್ದಿಲ್ಲದೆ ಆಚೆ ಸರಿದಳು.

“ಹಂಗಾದ್ರ... ನಾಳೆ ಪಾರಿಶ್ವಾಡಕ್ಕ ಬಂದು ನಿಮ್ಮಪ್ಪನ್ನ ಕೇಳ್ಲಿ?”

“ನಾಳೆ ಯಾಕ್ರಿ?” ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. “ಸಂಜಿ ಬಸ್ಸು ಇನ್ನೂ ಹೋಗಿಲ್ಲ...”